ಅಗ್ಗದ ಪುಟ್ಟ ಲ್ಯಾಪ್‌ಟಾಪ್: ಯಾರಿಗೆ ಸಾಕು, ಯಾರಿಗೆ ಸಾಲದು?

ಪಿಯುಸಿ ಮುಗಿಸಿ ಪದವಿಗೆ ಸೇರುವ ಮಕ್ಕಳಿರುವ ಮನೆಗಳಲ್ಲಿ ಲ್ಯಾಪ್‌ಟಾಪ್‌ನದೇ ಮಾತು. ಬಡ್ಡಿಯ ಕಂತು ಬೇಡ, ಕೈಯಲ್ಲಿರುವ ಹಣದಲ್ಲೇ ಆಗಬೇಕು ಎನ್ನುವ ಪೋಷಕರ ಕಣ್ಣು 15–20 ಸಾವಿರ ರೂಪಾಯಿಯ ಪುಟ್ಟ ಲ್ಯಾಪ್‌ಟಾಪ್‌ಗಳ ಮೇಲೆ ಬೀಳುತ್ತದೆ. ಕೂಡಿಟ್ಟ ಹಣ ಒಮ್ಮೆ ಕೈಬಿಟ್ಟರೆ ಮತ್ತೆ ಕೂಡಿಸುವುದು ಸುಲಭವಲ್ಲ. ಆದ್ದರಿಂದ ಕೊಳ್ಳುವ ಮುನ್ನ ಗುಣ-ದೋಷ ಎರಡನ್ನೂ ತೂಗಿ ನೋಡೋಣ.

ಮೊದಲು ಗುಣ. 11 ಇಂಚು ಪರದೆಯ ಇಂಥ ಯಂತ್ರಗಳ ತೂಕ ಸುಮಾರು ಒಂದು, ಒಂದೂಕಾಲು ಕಿಲೋ. ಬಸ್ಸಿನಲ್ಲಿ ಓಡಾಡುವ ಮಕ್ಕಳ ಚೀಲಕ್ಕೆ ಭಾರವಲ್ಲ. ಪ್ರೊಸೆಸರ್ ಕಡಿಮೆ ವಿದ್ಯುತ್ ಬಳಸುವುದರಿಂದ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಟಿಪ್ಪಣಿ ಬರೆಯಲು, ಆನ್‌ಲೈನ್ ಪಾಠ ಕೇಳಲು, ವಿದ್ಯಾರ್ಥಿವೇತನದ ಅರ್ಜಿ ತುಂಬಲು ಇದು ಸಾಕು. ಮೊಬೈಲಿನಲ್ಲೇ ಕಣ್ಣು ನೋಯಿಸಿಕೊಂಡು ಓದುವ ಹುಡುಗಿಗೆ ದೊಡ್ಡ ಅನುಕೂಲವೇ.

ಇನ್ನು ದೋಷ. ರ‍್ಯಾಮ್ ಕೆಲಸದ ಮೇಜಿದ್ದಂತೆ, ಸ್ಟೋರೇಜ್ ಕಪಾಟಿದ್ದಂತೆ. ಇವುಗಳಲ್ಲಿ ಸಾಮಾನ್ಯವಾಗಿ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಇರುತ್ತದೆ. ವಿಂಡೋಸ್ 11 ನಡೆಯಲು ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಪ್ರಮಾಣವೂ ಇಷ್ಟೇ. ಅಪ್‌ಡೇಟ್ ಬಂದಂತೆ ಕಪಾಟು ತುಂಬುತ್ತದೆ, ಹಲವು ಕೆಲಸ ಒಟ್ಟಿಗೆ ತೆರೆದರೆ ಮೇಜು ಸಾಲದಾಗುತ್ತದೆ. 'ಇಎಂಎಂಸಿ' ಎಂದು ಬರೆದಿದ್ದರೆ ಸ್ಟೋರೇಜನ್ನು ಸಾಮಾನ್ಯವಾಗಿ ಬೋರ್ಡಿಗೇ ಬೆಸೆದಿರುತ್ತಾರೆ. ರ‍್ಯಾಮ್ ಕೂಡ ಹೆಚ್ಚಾಗಿ ಹಾಗೆಯೇ. 'ಮುಂದೆ ದೊಡ್ಡದು ಹಾಕಿಸಿದರಾಯಿತು' ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕ್ರೋಮ್‌ಬುಕ್ ಇಷ್ಟೇ ರ‍್ಯಾಮ್‌ನಲ್ಲಿ ಹೆಚ್ಚು ಚುರುಕಾಗಿರುತ್ತದೆ. ಆದರೆ ಬಿ.ಕಾಂ. ಮಕ್ಕಳಿಗೆ ಬೇಕಾಗುವ ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ್ದು. ಅದರಲ್ಲಿ ನೇರವಾಗಿ ನಡೆಯದು.

ಬಿಸಿಎ, ಇಂಜಿನಿಯರಿಂಗ್ ಓದುವವರಿಗೆ 8 ಜಿಬಿಗಿಂತ ಕಡಿಮೆ ರ‍್ಯಾಮ್ ಬೇಡವೆಂದೇ ನಾವು ಹೇಳುತ್ತೇವೆ. ಹಣ ಅಷ್ಟೇ ಇದ್ದರೆ, ಕಚೇರಿಗಳಲ್ಲಿ ಬಳಸಿದ ಲ್ಯಾಪ್‌ಟಾಪ್ ಸರಿಪಡಿಸಿ ಬಿಲ್ಲು, ವಾರಂಟಿ ಸಹಿತ ಮಾರುವ ಅಂಗಡಿಗಳಿವೆ. ಅಲ್ಲಿ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ವಿಂಡೋಸ್ 11 ನಡೆಯುತ್ತದೆಯೇ ಎಂದು ಕೇಳಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ದುಂದುವೆಚ್ಚವೂ ಬೇಡ, ಜಿಪುಣತನವೂ ಬೇಡ ಎಂಬುದು ನಮಗೆ ಕಲಿಸಿದ ದಾರಿ. ಅಂಗಡಿಗೆ ಹೋಗುವ ಮುನ್ನ, ಓದು ಮುಗಿಯುವವರೆಗೆ ಯಾವ ಯಾವ ತಂತ್ರಾಂಶ ಬೇಕಾಗುತ್ತದೆ ಎಂದು ಕಾಲೇಜಿನಲ್ಲಿ ಕೇಳಿ ಬರೆದುಕೊಂಡು ಬರಲು ಮಗನಿಗೋ ಮಗಳಿಗೋ ಹೇಳಿ. ಆ ಚೀಟಿ ಕೈಯಲ್ಲಿ ಹಿಡಿದೇ ಅಂಗಡಿಯ ಮೆಟ್ಟಿಲು ಹತ್ತಿ.