ಎಂಬತ್ತು ಗಂಟೆಯ ಗೇಮ್, ಎರಡು ಗಂಟೆಯ ಗೇಮ್: ವಿಮರ್ಶಕರ ಮಾರ್ಕ್ಸ್ ಯಾವುದಕ್ಕೆ?

ಕಾಮರ್ಸ್ ವಿದ್ಯಾರ್ಥಿಗಳಿಗೆ ಎಲ್ಲವನ್ನೂ ಭಾಗಿಸಿ ನೋಡುವ ಚಟ. ಹೊಸ ವಿಡಿಯೊ ಗೇಮ್ ಬಂದಾಗಲೂ ಅಷ್ಟೇ. ಬೆಲೆ ಎಷ್ಟು, ಎಷ್ಟು ಗಂಟೆ ಆಡಬಹುದು, ಭಾಗಿಸು. 4,000 ರೂಪಾಯಿಯ ಗೇಮ್ 80 ಗಂಟೆ ಓಡಿದರೆ ಗಂಟೆಗೆ 50 ರೂಪಾಯಿ. 500 ರೂಪಾಯಿಯ ಗೇಮ್ ಐದೇ ಗಂಟೆಯಲ್ಲಿ ಮುಗಿದರೆ ಗಂಟೆಗೆ 100 ರೂಪಾಯಿ. ಹಾಗಾಗಿ ಮೊದಲನೆಯದೇ ಒಳ್ಳೆಯ ಗೇಮ್ ಎಂದು ಕೊನೆಯ ಬೆಂಚಿನ ತೀರ್ಪು. ಈ ಲೆಕ್ಕ ಪೂರ್ತಿ ತಪ್ಪೇನಲ್ಲ. ಮನೆಯಲ್ಲಿ ಅಬ್ಬಾ ಕೊಡುವ ದುಡ್ಡಿನಲ್ಲಿ ಉಳಿಸಿ ಗೇಮ್ ಕೊಳ್ಳುವವರು ಹೀಗೆ ಯೋಚಿಸದೆ ಇನ್ನು ಹೇಗೆ ಯೋಚಿಸಬೇಕು? ಆದರೆ ಇದೇ ಹಿಸಾಬಿನಲ್ಲಿ ಮುಂದೆ ಹೋದರೆ ದಮ್ ಬಿರಿಯಾನಿಗಿಂತ ಚೂಯಿಂಗ್ ಗಮ್ಮೇ ಲಾಭ. ಬಿರಿಯಾನಿ ಹತ್ತು ನಿಮಿಷದಲ್ಲಿ ಖಾಲಿ, ಗಮ್ ಮಧ್ಯಾಹ್ನದ ಪೀರಿಯಡ್‌ವರೆಗೆ ಬಾಯಲ್ಲೇ ಇರುತ್ತದೆ.

ವಿಮರ್ಶಕರು ಗೇಮ್‌ಗೆ ಅಂಕ ಕೊಡುವಾಗಲೂ ಹೀಗೇ ಭಾಗಿಸುತ್ತಾರಾ? ಉದ್ದವಾದ, ದೊಡ್ಡದಾದ ಗೇಮ್‌ಗೆ ಹೆಚ್ಚು ಹೊಗಳಿಕೆ ಸಿಗುತ್ತದಾ? ಈ ಪ್ರಶ್ನೆಗೆ ಉತ್ತರ ಹುಡುಕಲು 2017ನೇ ಇಸವಿಯೊಂದೇ ಸಾಕು. ಆ ವರ್ಷ 'ಝೆಲ್ಡಾ: ಬ್ರೆತ್ ಆಫ್ ದ ವೈಲ್ಡ್' ಎಂಬ ಗೇಮ್ ಬಂತು. ಮುಖ್ಯ ಕಥೆ ಮುಗಿಸಲು ಸುಮಾರು 50 ಗಂಟೆ ಬೇಕು. ಬೆಟ್ಟ ಕಂಡರೆ ಹತ್ತಬಹುದು, ನದಿ ಕಂಡರೆ ಈಜಬಹುದು, ಅಷ್ಟು ವಿಶಾಲ. ಅದೇ ವರ್ಷ 'ವಾಟ್ ರಿಮೇನ್ಸ್ ಆಫ್ ಎಡಿತ್ ಫಿಂಚ್' ಕೂಡ ಬಂತು. ಒಂದು ಹಳೆಯ ಮನೆ, ಅದರಲ್ಲಿ ಬದುಕಿ ಸತ್ತ ಒಂದು ಕುಟುಂಬದ ಕಥೆ. ಎರಡು ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ಆ ಡಿಸೆಂಬರ್‌ನಲ್ಲಿ ಅಮೆರಿಕದ 'ದ ಗೇಮ್ ಅವಾರ್ಡ್ಸ್' ವರ್ಷದ ಗೇಮ್ ಎಂದು ಝೆಲ್ಡಾವನ್ನು ಆರಿಸಿತು. ನಾಲ್ಕೇ ತಿಂಗಳ ನಂತರ, 2018ರ ಏಪ್ರಿಲ್‌ನಲ್ಲಿ, ಬ್ರಿಟನ್ನಿನ ಬಾಫ್ಟಾದವರು ಅದೇ ಝೆಲ್ಡಾ ಪಟ್ಟಿಯಲ್ಲಿದ್ದರೂ ಅದನ್ನು ಬಿಟ್ಟು ಎಡಿತ್ ಫಿಂಚ್‌ಗೆ ಅತ್ಯುತ್ತಮ ಗೇಮ್ ಪ್ರಶಸ್ತಿ ಕೊಟ್ಟರು. ಒಂದೇ ವರ್ಷದ ಉತ್ತರ ಪತ್ರಿಕೆಗಳು, ಇಬ್ಬರು ಮೌಲ್ಯಮಾಪಕರು, ಎರಡು ಫಲಿತಾಂಶ.

ಇದು ಅಪರೂಪದ ಘಟನೆಯೂ ಅಲ್ಲ. 2012ರ 'ಜರ್ನಿ' ಎರಡು ಗಂಟೆಯ ಗೇಮ್. ಒಬ್ಬ ಯಾತ್ರಿಕ ಮರಳುಗಾಡಿನಲ್ಲಿ ಬೆಟ್ಟದ ಕಡೆಗೆ ನಡೆಯುತ್ತಾನೆ, ಮಾತೇ ಇಲ್ಲ. ಅದರ ಸಂಗೀತ ಗ್ರ್ಯಾಮಿಗೆ ನಾಮನಿರ್ದೇಶನಗೊಂಡಿತು. ವಿಡಿಯೊ ಗೇಮ್ ಒಂದರ ಸಂಗೀತಕ್ಕೆ ಆ ವಿಭಾಗದಲ್ಲಿ ಅದೇ ಮೊದಲು. 2007ರ 'ಪೋರ್ಟಲ್' ಮೂರು ಗಂಟೆ ಆಸುಪಾಸಿನದು, ಅದೂ ಇನ್ನೂ ನಾಲ್ಕು ಗೇಮ್‌ಗಳ ಜೊತೆ ಒಂದೇ ಡಬ್ಬದಲ್ಲಿ ಸೇರಿಸಿ ಮಾರಿದ್ದು. ಗೇಮ್ ತಯಾರಕರೇ ಕೊಡುವ ಪ್ರಶಸ್ತಿಯಲ್ಲಿ ಆ ಸಣ್ಣದೇ ವರ್ಷದ ಗೇಮ್ ಆಯಿತು.

ಹಾಗೆಂದು ಚಿಕ್ಕದಕ್ಕೇ ಜಯ ಎಂದೂ ಹೇಳಲಾಗದು. ದ ಗೇಮ್ ಅವಾರ್ಡ್ಸ್‌ನ ದೊಡ್ಡ ಪ್ರಶಸ್ತಿ ಗೆದ್ದವರ ಪಟ್ಟಿಯಲ್ಲಿ 'ವಿಚರ್ 3', 'ಎಲ್ಡನ್ ರಿಂಗ್', 'ಬಾಲ್ಡರ್ಸ್ ಗೇಟ್ 3' ಇವೆ. ಎಲ್ಲವೂ 50 ಗಂಟೆ ದಾಟುವಂಥವು. ಆದರೆ ನಡುನಡುವೆ 2021ರಲ್ಲಿ 'ಇಟ್ ಟೇಕ್ಸ್ ಟೂ', 2024ರಲ್ಲಿ 'ಆಸ್ಟ್ರೋ ಬಾಟ್' ಗೆದ್ದಿವೆ. ಇವೆರಡೂ ಹನ್ನೆರಡು ಗಂಟೆಯ ಸುತ್ತಮುತ್ತ. ಎರಡು ಗಂಟೆಯ ಗೇಮ್ ಒಂದೂ ಅಲ್ಲಿ ಆ ಪ್ರಶಸ್ತಿ ಗೆದ್ದಿಲ್ಲ ಎಂಬುದೂ ನಿಜ.

ಇಲ್ಲಿ ನಮ್ಮ ಸಂಖ್ಯಾಶಾಸ್ತ್ರದ ಕ್ಲಾಸಿನ ಮಾತು ನೆನಪಿಗೆ ಬರಬೇಕು. ಸಹಸಂಬಂಧ ಇದೆ ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಲ್ಲ. ಉದ್ದ ಮತ್ತು ಹೊಗಳಿಕೆ ಎರಡರ ಹಿಂದೆಯೂ ಮೂರನೆಯದೊಂದು ನಿಂತಿದೆ, ಅದು ದುಡ್ಡು. ಬಂಡವಾಳ ಇರುವ ಕಂಪನಿ ನೂರಾರು ಜನರನ್ನು ಐದು ವರ್ಷ ಕೂರಿಸಿ ದೊಡ್ಡ ಗೇಮ್ ಮಾಡಿಸಬಹುದು. ಅದೇ ಬಂಡವಾಳದಿಂದ ಒಳ್ಳೆಯ ಚಿತ್ರ, ಒಳ್ಳೆಯ ಸಂಗೀತ, ಒಳ್ಳೆಯ ನಟರ ಧ್ವನಿ, ಜೊತೆಗೆ ಜಾಹೀರಾತು ಎಲ್ಲವೂ ಬರುತ್ತದೆ. ವಿಮರ್ಶಕರು ಮೆಚ್ಚಿದ್ದು ಇವನ್ನೋ ಗಂಟೆಗಳನ್ನೋ ಎಂದು ಬಿಡಿಸಿ ಹೇಳುವುದು ಕಷ್ಟ. ಆಟಗಾರರ ರೇಟಿಂಗ್‌ನಲ್ಲಿ ಇನ್ನೂ ಒಂದು ತೊಡಕಿದೆ. 80 ಗಂಟೆಯ ಗೇಮನ್ನು ಕೊನೆತನಕ ಆಡಿದವರು ಯಾರು? ಅದನ್ನು ಇಷ್ಟಪಟ್ಟವರೇ. ಬೇಜಾರಾದವರು ಹತ್ತನೇ ಗಂಟೆಯಲ್ಲೇ ಎದ್ದು ಹೋಗಿರುತ್ತಾರೆ. ಕೊನೆಯಲ್ಲಿ ಉಳಿದವರನ್ನು ಮಾತ್ರ ಕೇಳಿದರೆ ಉತ್ತರ ಯಾವಾಗಲೂ ಸಿಹಿಯೇ.

ಈಗ ವಿಮರ್ಶಕರ ವಿಷಯ. ಗಂಟೆಗೆ ಇಷ್ಟು ಎಂದು ಕೊಟ್ಟು ಗೇಮಿಂಗ್ ಕೆಫೆಯಲ್ಲಿ ಆಡುವ ಹುಡುಗನನ್ನು ಊಹಿಸಿಕೊಳ್ಳಿ. ಗಂಟೆಗೆ 50 ರೂಪಾಯಿ ಎಂದಿಟ್ಟುಕೊಂಡರೆ 80 ಗಂಟೆಯ ಗೇಮ್ ಅವನಿಗೆ 4,000 ರೂಪಾಯಿ, ಐದು ಗಂಟೆಯದು 250. ನಾವು ಕೊಂಡು ಆಡುವಾಗ ಗಂಟೆಯಿಂದ ಭಾಗಿಸುತ್ತೇವೆ, ಅವನು ಗುಣಿಸುತ್ತಾನೆ. ಗೇಮ್ ಅದೇ, ಉದ್ದವೂ ಅಷ್ಟೇ. ಒಬ್ಬನಿಗೆ ಅದು ಲಾಭ, ಇನ್ನೊಬ್ಬನಿಗೆ ಖರ್ಚು. ವಿಮರ್ಶಕ ಈ ಕೆಫೆಯ ಹುಡುಗನ ಹಾಗೆ. ಅವರಿಗೆ ಕಂಪನಿ ಗೇಮನ್ನು ಸಾಮಾನ್ಯವಾಗಿ ಬಿಡುಗಡೆಗೆ ಮುಂಚೆಯೇ ಉಚಿತವಾಗಿ ಕಳಿಸುತ್ತದೆ, ಆದ್ದರಿಂದ ದುಡ್ಡಿನ ಚಿಂತೆ ಇಲ್ಲ. ಬರೆದು ಕೊಡಬೇಕಾದ ದಿನ ಮಾತ್ರ ಹತ್ತಿರದಲ್ಲಿರುತ್ತದೆ. ಅವರು ಕೊಡುವ ಬೆಲೆ ಸಮಯ. ಆದ್ದರಿಂದಲೇ ಕೊಂಡವರು 'ಬೇಗ ಮುಗಿದುಹೋಯಿತು' ಎಂದು ದೂರಿದರೆ ವಿಮರ್ಶಕರು 'ಸುಮ್ಮನೆ ಎಳೆದಿದ್ದಾರೆ' ಎಂದು ದೂರುತ್ತಾರೆ. 2022ರ ಜನವರಿಯಲ್ಲಿ 'ಡೈಯಿಂಗ್ ಲೈಟ್ 2' ಮಾಡಿದ ಕಂಪನಿ ತಮ್ಮ ಗೇಮನ್ನು ಪೂರ್ತಿ ಮುಗಿಸಲು 500 ಗಂಟೆ ಬೇಕು ಎಂದು ಹೆಮ್ಮೆಯಿಂದ ಪ್ರಕಟಿಸಿತು. ಅಷ್ಟು ಹೊತ್ತು ಯಾರಿಗಿದೆ ಎಂದು ಜನರೇ ತಿರುಗಿ ಬಿದ್ದರು. ಮುಖ್ಯ ಕಥೆ ಅಷ್ಟು ಉದ್ದವಿಲ್ಲ, ಎಲ್ಲ ಮೂಲೆಯನ್ನೂ ಹುಡುಕುವವರಿಗೆ ಮಾತ್ರ ಆ ಲೆಕ್ಕ ಎಂದು ಕಂಪನಿ ಸಮಜಾಯಿಷಿ ಕೊಡಬೇಕಾಯಿತು.

ಉದ್ದವೇ ಅಳತೆ ಅಲ್ಲವಾದರೆ ಅಳತೆ ಯಾವುದು? ಇದಕ್ಕೆ ನಮ್ಮ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಒಳ್ಳೆಯ ಉತ್ತರವಿದೆ. ನಮ್ಮ ಮಾಮು ರೀಲರ್. ಹರಾಜಿನ ಹೊತ್ತಿಗೆ ಲಾಟ್ ಎಷ್ಟು ದೊಡ್ಡದು ಎಂದು ನೋಡಿ ಅವರು ಬೆಲೆ ಕೂಗುವುದಿಲ್ಲ. ಹಿಡಿ ಗೂಡು ತೆಗೆದು ಒತ್ತಿ ನೋಡುತ್ತಾರೆ. ಅವರ ತಲೆಯಲ್ಲಿ ಓಡುವ ಲೆಕ್ಕಕ್ಕೆ ರೆಂಡಿಟ್ಟಾ ಎಂದು ಹೆಸರು. ಒಂದು ಕೆ.ಜಿ. ನೂಲು ತೆಗೆಯಲು ಎಷ್ಟು ಕೆ.ಜಿ. ಗೂಡು ಬೇಕು ಎಂಬುದೇ ರೆಂಡಿಟ್ಟಾ. ಎಂಟು ಕೆ.ಜಿ. ಬೇಕಾದರೆ ಒಂದು ಬೆಲೆ, ಆರೂವರೆಯಲ್ಲೇ ಆದರೆ ಬೇರೆ ಬೆಲೆ. ಸಂಖ್ಯೆ ಕಡಿಮೆಯಾದಷ್ಟೂ ಗೂಡು ಒಳ್ಳೆಯದು. ಇನ್ನೊಂದು ವಿಷಯ, ಒಳ್ಳೆಯ ಬೈವೋಲ್ಟೀನ್ ಗೂಡಿನ ಎಳೆ ಸಾವಿರ ಮೀಟರ್ ದಾಟುತ್ತದೆ. ಅಷ್ಟುದ್ದದ ಎಳೆ ಬೇಕೇ ಬೇಕು, ಆದರೆ ಅದು ನಡುನಡುವೆ ತುಂಡಾಗದೆ ಬಿಚ್ಚಬೇಕು. ತುಂಡಾಗುತ್ತಲೇ ಇದ್ದರೆ ಉದ್ದದಿಂದ ಏನೂ ಪ್ರಯೋಜನವಿಲ್ಲ, ರೀಲರ್‌ಗೆ ಕೆಲಸ ಹೆಚ್ಚು, ನೂಲು ಕಡಿಮೆ. ವಿಮರ್ಶಕರು ಗೇಮ್‌ನಲ್ಲಿ ಲೆಕ್ಕ ಹಾಕುವುದು ಬಹುಮಟ್ಟಿಗೆ ಇದನ್ನೇ ಎಂದು ನನ್ನ ಅಭಿಪ್ರಾಯ. ಎಷ್ಟು ಗಂಟೆ ಹಾಕಿದರೆ ಒಂದು ಹೊಸ ಅನುಭವ ಸಿಗುತ್ತದೆ, ಮತ್ತು ಆ ಎಳೆ ತುಂಡಾಗುತ್ತದಾ ಇಲ್ಲವಾ.

ರೇಷ್ಮೆ ನಗರದವರು ಕೇಳಿ ನಗಬೇಕಾದ ಉದಾಹರಣೆ ಒಂದಿದೆ. 2023ರ ಸೆಪ್ಟೆಂಬರ್‌ನಲ್ಲಿ ಎರಡು ಗೇಮ್‌ಗಳು ಬಂದವು. ಒಂದು 'ಸ್ಟಾರ್‌ಫೀಲ್ಡ್', ಸಾವಿರಕ್ಕೂ ಹೆಚ್ಚು ಗ್ರಹಗಳಿಗೆ ಹೋಗಬಹುದು ಎಂದು ಪ್ರಚಾರವಾಗಿದ್ದ ಬೃಹತ್ ಗೇಮ್. ಇನ್ನೊಂದರ ಹೆಸರು 'ಕಕೂನ್', ಅಂದರೆ ಗೂಡು. ಡೆನ್ಮಾರ್ಕಿನ ಸಣ್ಣ ತಂಡ ಮಾಡಿದ್ದು. ರೆಕ್ಕೆಯಿರುವ ಒಂದು ಹುಳು ಬೆನ್ನ ಮೇಲೆ ಗೋಲಿಯಂಥ ಉಂಡೆ ಹೊತ್ತು ನಡೆಯುತ್ತದೆ. ಆ ಉಂಡೆಯೊಳಗೇ ಒಂದು ಲೋಕ, ಒಳಗೆ ಹಾರಿದರೆ ಅಲ್ಲಿ ಇನ್ನೊಂದು ಉಂಡೆ. ಬೆರಳೆಣಿಕೆಯ ಲೋಕಗಳು, ಒಂದೂ ಮಾತಿಲ್ಲ, ಐದಾರು ಗಂಟೆಯಲ್ಲಿ ಮುಕ್ತಾಯ. ವಿಮರ್ಶಕರ ಅಂಕಗಳನ್ನು ಒಟ್ಟುಗೂಡಿಸಿ ನೂರಕ್ಕೆ ಇಷ್ಟು ಎಂದು ತೋರಿಸುವ ಮೆಟಾಕ್ರಿಟಿಕ್‌ನಲ್ಲಿ ಸಾವಿರ ಗ್ರಹಕ್ಕಿಂತ ಗೂಡಿಗೇ ಕೆಲವು ಅಂಕ ಹೆಚ್ಚು. ವರ್ಷದ ಕೊನೆಗೆ ಹೊಸ ತಂಡದ ಮೊದಲ ಗೇಮ್‌ಗೆ ಕೊಡುವ ಪ್ರಶಸ್ತಿಯೂ ಅದಕ್ಕೇ ಬಂತು. ಸ್ಟಾರ್‌ಫೀಲ್ಡ್‌ನ ಬಗ್ಗೆ ಬಂದ ದೂರು ಅದು ದೊಡ್ಡದು ಎಂದಲ್ಲ. ಎಷ್ಟೋ ಗ್ರಹಗಳಲ್ಲಿ ಇಳಿದರೆ ನೋಡಲು ಏನೂ ಇಲ್ಲ, ಇದ್ದರೂ ಹಿಂದಿನ ಗ್ರಹದಲ್ಲಿ ಕಂಡಿದ್ದೇ ಎಂದು. ರೆಂಡಿಟ್ಟಾ ಜಾಸ್ತಿ ಆಯಿತು, ಅಷ್ಟೇ.

ಗೇಮ್‌ಗೆ ಮಾತ್ರ ಈ ನಿಯಮ ಎಂದುಕೊಳ್ಳಬೇಡಿ. ನಮ್ಮ ರಾಮದೇವರ ಬೆಟ್ಟದ ಬಂಡೆಗಳ ನಡುವೆ ಶೂಟಿಂಗ್ ಆದ 'ಶೋಲೆ' ಮೂರು ಗಂಟೆ ಮೀರಿದ ಸಿನಿಮಾ. 1975ರಲ್ಲಿ ಬಿಡುಗಡೆಯಾದಾಗ ಮೊದಲ ವಿಮರ್ಶೆಗಳು ಚೆನ್ನಾಗಿರಲಿಲ್ಲ. ಫಿಲ್ಮ್‌ಫೇರ್‌ನಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಪ್ರಶಸ್ತಿ, ಅದೂ ಸಂಕಲನಕ್ಕೆ, ಅಂದರೆ ಕತ್ತರಿ ಹಿಡಿದ ಎಂ.ಎಸ್. ಶಿಂಧೆ ಅವರಿಗೆ. ಅದೇ ಫಿಲ್ಮ್‌ಫೇರ್ 2005ರಲ್ಲಿ ಐವತ್ತು ವರ್ಷಗಳ ಅತ್ಯುತ್ತಮ ಚಿತ್ರ ಎಂದು ಶೋಲೆಯನ್ನು ಕರೆಯಿತು. ಇನ್ನೊಂದು ಕಡೆ, ನಮ್ಮ ಹಾಗೆಯೇ ಮನೆಯಲ್ಲಿ ಉರ್ದು ಮಾತಾಡಿ ಬೆಳೆದು ಕನ್ನಡದಲ್ಲಿ ಬರೆದ ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ದೀಪಾ ಭಾಸ್ತಿ ಅನುವಾದಿಸಿದ 'ಹಾರ್ಟ್ ಲ್ಯಾಂಪ್'ನಲ್ಲಿರುವುದು ಹನ್ನೆರಡು ಸಣ್ಣ ಕಥೆಗಳು. ಸಣ್ಣ ಕಥೆಗಳ ಸಂಕಲನಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು.

ಆದರೆ ಹೊಗಳಿಕೆಯಿಂದ ಹೊಟ್ಟೆ ತುಂಬುವುದಿಲ್ಲ ಎಂಬುದನ್ನು ಕಾಮರ್ಸ್ ವಿದ್ಯಾರ್ಥಿ ಮರೆಯಬಾರದು. ಕಂಪ್ಯೂಟರ್ ಗೇಮ್ ಮಾರುವ ದೊಡ್ಡ ಅಂಗಡಿ ಸ್ಟೀಮ್. ಅಲ್ಲಿ ಕೊಂಡ ಗೇಮ್ ಹಿಡಿಸದಿದ್ದರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್. ಗಿರಾಕಿಗೆ ಒಳ್ಳೆಯ ನಿಯಮ. ಆದರೆ ಗೇಮೇ ಒಂದೂವರೆ ಗಂಟೆಯದಾಗಿದ್ದರೆ? 2021ರಲ್ಲಿ 'ಸಮ್ಮರ್ ಆಫ್ 58' ಎಂಬ ಭಯದ ಗೇಮ್ ಮಾಡಿದವರಿಗೆ ಆಗಿದ್ದು ಅದೇ. ಆಡಿದವರು ಒಳ್ಳೆಯ ರಿವ್ಯೂ ಬರೆದರು, ಪೂರ್ತಿ ಮುಗಿಸಿದ ಎಷ್ಟೋ ಜನ ದುಡ್ಡೂ ವಾಪಸ್ ತೆಗೆದುಕೊಂಡರು. ಮುಂದಿನ ಗೇಮ್‌ಗೆ ಬಂಡವಾಳ ಉಳಿಯಲಿಲ್ಲ, ಗೇಮ್ ಮಾಡುವುದನ್ನೇ ಬಿಡುತ್ತಿದ್ದೇನೆ ಎಂದು ತಯಾರಕರು ಹೇಳಿದರು. ಊಟ ಮುಗಿಸಿ ಎಲೆ ಮಡಚಿದ ಮೇಲೆ ಬಿಲ್ ಕೊಡಲ್ಲ ಎಂದ ಹಾಗೆ. ಇಂಥ ಕಡೆ ಗೇಮ್ ಮಾಡುವವರು ಬೇಕಿದ್ದರೂ ಬೇಡದಿದ್ದರೂ ಎರಡು ಗಂಟೆ ದಾಟಿಸಲು ನೋಡುತ್ತಾರೆ. ಉದ್ದ ಹೆಚ್ಚುವುದಕ್ಕೆ ಕಲೆಯೊಂದೇ ಕಾರಣವಲ್ಲ, ಅಂಗಡಿಯ ನಿಯಮವೂ ಕಾರಣ.

ದೊಡ್ಡ ಗೇಮ್‌ನ ಖರ್ಚು ಬೇರೆ ಥರದ್ದು. ಅದರ ಒಂದು ಭಾಗ ನಮ್ಮಿಂದ ಒಂದು ರೈಲಿನ ದೂರದಲ್ಲೇ ಇದೆ. 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಶುರುಮಾಡಿದ ಧ್ರುವ ಇಂಟರಾಕ್ಟಿವ್, ಹೊರದೇಶದ ದೊಡ್ಡ ಗೇಮ್‌ಗಳಿಗೆ ಕಾರು, ಮರ, ಕಟ್ಟಡಗಳಂಥ ಬಿಡಿ ಭಾಗಗಳನ್ನು ಮಾಡಿ ಕೊಡುತ್ತಿತ್ತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡು ತನ್ನ ಬೆಂಗಳೂರು ಸ್ಟುಡಿಯೊಗೆ ಸೇರಿಸಿಕೊಂಡಿತು. ಆ ಬೆಂಗಳೂರು ಸ್ಟುಡಿಯೊ 2018ರ 'ರೆಡ್ ಡೆಡ್ ರಿಡೆಂಪ್ಷನ್ 2'ರಲ್ಲೂ ಕೆಲಸ ಮಾಡಿತ್ತು. ಸಾವಿರಕ್ಕೂ ಹೆಚ್ಚು ಜನ ವರ್ಷಗಟ್ಟಲೆ ದುಡಿದ ಗೇಮ್ ಅದು. ವಿಮರ್ಶಕರು ಹೊಗಳಿದ್ದೇ ಹೊಗಳಿದ್ದು, ನೂರಕ್ಕೆ 97. ಬಿಡುಗಡೆಗೆ ಮುಂಚೆಯೇ ವಾರಕ್ಕೆ ನೂರು ಗಂಟೆ ಕೆಲಸ ಎಂಬ ಮಾತು ಕಂಪನಿಯ ಮುಖ್ಯಸ್ಥರೊಬ್ಬರ ಬಾಯಿಂದಲೇ ಬಂದು ಗಲಾಟೆಯಾಯಿತು. ಅದು ಬರಹಗಾರರ ಸಣ್ಣ ತಂಡದ ಮೂರು ವಾರದ ಮಾತು ಎಂದು ಅವರು ಆಮೇಲೆ ತಿದ್ದಿಕೊಂಡರು. ನಾವು ಆಡುವ ಗಂಟೆಯ ಲೆಕ್ಕ ಎಲ್ಲ ಕಡೆ ಸಿಗುತ್ತದೆ, ಅವರು ದುಡಿದ ಗಂಟೆಯ ಲೆಕ್ಕ ಡಬ್ಬದ ಮೇಲೆ ಇರುವುದಿಲ್ಲ. ಅಂದಹಾಗೆ ಆ ವರ್ಷ ದ ಗೇಮ್ ಅವಾರ್ಡ್ಸ್‌ನ ದೊಡ್ಡ ಪ್ರಶಸ್ತಿ ಹೋಗಿದ್ದು ಅದಕ್ಕಲ್ಲ, ಅದರ ಅರ್ಧದಷ್ಟೂ ಉದ್ದವಿಲ್ಲದ 'ಗಾಡ್ ಆಫ್ ವಾರ್'ಗೆ.

ವ್ಯಾಪ್ತಿ ದೊಡ್ಡದಾದಷ್ಟೂ ಕೊಟ್ಟ ಮಾತೂ ದೊಡ್ಡದಾಗುತ್ತದೆ, ಅಪಾಯ ಇರುವುದು ಅಲ್ಲಿ. 2016ರ 'ನೋ ಮ್ಯಾನ್ಸ್ ಸ್ಕೈ'ನಲ್ಲಿ 18ರ ಮುಂದೆ 18 ಸೊನ್ನೆ ಇಟ್ಟಷ್ಟು ಗ್ರಹಗಳಿದ್ದವು. ಹೇಳಿದ್ದು ಎಲ್ಲಿ ಎಂದು ಆಟಗಾರರು ಬೈದರು. ತಯಾರಕರು ವರ್ಷಗಟ್ಟಲೆ ಉಚಿತವಾಗಿ ತಿದ್ದುತ್ತಾ ಹೋದ ಮೇಲೆ, 2020ರಲ್ಲಿ, ನಿರಂತರವಾಗಿ ಬೆಳೆಯುವ ಗೇಮ್‌ಗಳ ಪ್ರಶಸ್ತಿ ಬಂತು.

ಎಲ್ಲರಿಗೂ ಅಷ್ಟು ಸಮಯ ಸಿಗುವುದಿಲ್ಲ. ಅಬ್ಸಿಡಿಯನ್ ಎಂಬ ಕಂಪನಿಗೆ 'ಫಾಲ್‌ಔಟ್: ನ್ಯೂ ವೆಗಾಸ್' ಮಾಡಲು ಸಿಕ್ಕಿದ್ದು ಸುಮಾರು 18 ತಿಂಗಳು. ಗೇಮ್ ಮಾತ್ರ ದೊಡ್ಡದು, ಕಥೆ ಹತ್ತಾರು ದಾರಿ ಹಿಡಿಯಬಹುದಾದಂಥದ್ದು. 2010ರಲ್ಲಿ ಬಂದಾಗ ವಿಮರ್ಶಕರು ಕಥೆಯನ್ನು ಮೆಚ್ಚಿದರು, ಆದರೆ ಆಟ ನಡುವೆ ನಿಂತುಹೋಗುತ್ತದೆ, ತಪ್ಪುಗಳು ತುಂಬಿವೆ ಎಂದು ಅಂಕ ಕತ್ತರಿಸಿದರು. ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಅಬ್ಸಿಡಿಯನ್‌ಗೆ ಬೋನಸ್ ಎಂದು ಪ್ರಕಾಶಕರ ಜೊತೆ ಒಪ್ಪಂದವಿತ್ತು. ಬಂದಿದ್ದು 84.