ಬೈಕಿಗೆ ಗೇರ್ ಬೀಳುತ್ತಿಲ್ಲವೇ? ಎಂಜಿನ್ ಬಿಚ್ಚಿಸುವ ಮೊದಲು ಇದನ್ನು ಓದಿ

ಬೈಕ್ ಸ್ಟಾರ್ಟ್ ಆಗುತ್ತದೆ, ಆದರೆ ಎಷ್ಟು ತುಳಿದರೂ ಗೇರ್ ಬೀಳುವುದಿಲ್ಲ. ಆಗ ಸುತ್ತಲಿನವರಿಂದಲೂ ವಾಟ್ಸ್‌ಆ್ಯಪ್ ಗುಂಪುಗಳಿಂದಲೂ ಸಲಹೆಗಳು ಬರತೊಡಗುತ್ತವೆ. "ಗೇರ್ ಬಾಕ್ಸ್ ಹೋಗಿದೆ, ಎಂಜಿನ್ ಇಳಿಸಲೇಬೇಕು" ಎನ್ನುತ್ತಾರೆ ಒಬ್ಬರು. "ಜೋರಾಗಿ ಒದ್ದು ನೋಡಿ, ಬೀಳುತ್ತೆ" ಎನ್ನುತ್ತಾರೆ ಇನ್ನೊಬ್ಬರು. "ಕಾರಿನ ಆಯಿಲ್ ಹಾಕಿ, ಗೇರ್ ಬೆಣ್ಣೆ ಹಾಗೆ ಬೀಳುತ್ತೆ" ಎನ್ನುವವರೂ ಇದ್ದಾರೆ. ಮೊದಲ ಮಾತು ಕೆಲವೊಮ್ಮೆ ಮಾತ್ರ ನಿಜ. ಉಳಿದೆರಡನ್ನು ಕೇಳಿದರೆ ಸಣ್ಣ ತೊಂದರೆ ದೊಡ್ಡ ಖರ್ಚಾಗುತ್ತದೆ.

ಗೇರ್ ಬೀಳುವುದು ಎಂದರೇನು?

ಬೈಕಿನ ಗೇರ್ ಬಾಕ್ಸ್‌ನಲ್ಲಿ ಎಲ್ಲ ಜೋಡಿ ಗೇರ್ ಚಕ್ರಗಳೂ ಸದಾ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ನೀವು ಲಿವರ್ ತುಳಿದಾಗ ಒಳಗಿನ ಶಿಫ್ಟ್ ಫೋರ್ಕ್ ಒಂದು ಗೇರನ್ನು ಪಕ್ಕಕ್ಕೆ ಸರಿಸುತ್ತದೆ. ಅದರ ಮೈಮೇಲಿನ ಉಬ್ಬುಗಳು ಪಕ್ಕದ ಗೇರಿನ ಗುಳಿಗಳಲ್ಲಿ ಹೋಗಿ ಕೂರುತ್ತವೆ. ಆಗ 'ಟಕ್' ಎಂದು ಗೇರ್ ಬೀಳುತ್ತದೆ.

ಉಬ್ಬಿನ ಎದುರಿಗೆ ಗುಳಿ ಬರದೆ ಇನ್ನೊಂದು ಉಬ್ಬೇ ಬಂದರೆ ಗೇರ್ ಬೀಳುವುದಿಲ್ಲ. ನಿಂತ ಬೈಕಿನಲ್ಲಿ ಇದು ಆಗಾಗ ಆಗುತ್ತದೆ, ಇದು ದೋಷವಲ್ಲ. ಕ್ಲಚ್ ಹಿಡಿದು ಬೈಕನ್ನು ಅರ್ಧ ಅಡಿ ಹಿಂದೆ ಮುಂದೆ ಆಡಿಸಿದರೆ, ಇಲ್ಲವೇ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು ಮತ್ತೆ ಹಿಡಿದರೆ, ಗೇರ್ ಬೀಳುತ್ತದೆ. ಎಂಜಿನ್ ಆಫ್ ಇದ್ದಾಗ ಬೈಕ್ ಆಡಿಸದೆ ಎರಡು, ಮೂರನೇ ಗೇರ್ ಬೀಳದಿರುವುದೂ ಇದೇ ಕಾರಣಕ್ಕೆ.

ಖರ್ಚಿಲ್ಲದ ಒಂದು ಪರೀಕ್ಷೆ

ಬೈಕನ್ನು ಸಮತಟ್ಟಾದ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಕೀ ತೆಗೆಯಿರಿ. ಒಂದು ಕೈಯಲ್ಲಿ ಟಯರ್ ಹಿಡಿದು ಹಿಂದಿನ ಚಕ್ರವನ್ನು ನಿಧಾನ ತಿರುಗಿಸುತ್ತಾ ಗೇರ್ ಹಾಕಿ ನೋಡಿ.

- ಹೀಗೆ ಗೇರ್ ಸರಾಗವಾಗಿ ಬಿದ್ದು, ಎಂಜಿನ್ ಚಾಲೂ ಇದ್ದಾಗ ಮಾತ್ರ ಬೀಳದಿದ್ದರೆ ತೊಂದರೆ ಬಹುತೇಕ ಕ್ಲಚ್‌ನಲ್ಲಿದೆ. ಗೇರ್ ಬಾಕ್ಸ್ ಸರಿಯಿದೆ.
- ಎಂಜಿನ್ ಆಫ್ ಇದ್ದು ಚಕ್ರ ತಿರುಗಿಸಿದರೂ ಬೀಳದಿದ್ದರೆ ಗೇರ್ ಲಿವರ್ ಅಥವಾ ಒಳಗಿನ ಭಾಗಗಳನ್ನು ನೋಡಬೇಕು.

ಕಾರಣ ಸರಳ. ಕ್ಲಚ್ ಹಿಡಿದಾಗ ಎಂಜಿನ್‌ಗೂ ಗೇರ್ ಬಾಕ್ಸ್‌ಗೂ ಸಂಬಂಧ ಪೂರ್ತಿ ಕಡಿಯಬೇಕು. ಅರ್ಧ ಮಾತ್ರ ಕಡಿದರೆ ಒಂದು ಕಡೆಯ ಗೇರ್ ತಿರುಗುತ್ತಲೇ ಇರುತ್ತದೆ, ಇನ್ನೊಂದು ನಿಂತಿರುತ್ತದೆ. ಉಬ್ಬು ಗುಳಿಯೊಳಗೆ ಹೋಗಲಾರದು. ಕಟಕಟ ಸದ್ದು, ಗೇರ್ ಬಿದ್ದ ಕೂಡಲೇ ಬೈಕ್ ಜಿಗಿಯುವುದು, ಸಿಗ್ನಲ್‌ನಲ್ಲಿ ನ್ಯೂಟ್ರಲ್ ಸಿಗದಿರುವುದು ಇದರ ಲಕ್ಷಣಗಳು.

ಕ್ರಮವಾಗಿ ಏನೇನು ನೋಡಬೇಕು?

1. ಕ್ಲಚ್ ಕೇಬಲ್: ಹ್ಯಾಂಡಲ್‌ನ ಕ್ಲಚ್ ಲಿವರ್ ತುದಿ ಬಿಗಿಯಾಗುವ ಮೊದಲು ಸುಮಾರು 10ರಿಂದ 20 ಮಿಲಿಮೀಟರ್ ಸಡಿಲ ಇರಬೇಕು. ನಿಮ್ಮ ಬೈಕಿನ ಸರಿಯಾದ ಅಳತೆ ಅದರ ಪುಸ್ತಕದಲ್ಲಿರುತ್ತದೆ. ಕೇಬಲ್ ಹಿಗ್ಗಿ ಸಡಿಲ ಹೆಚ್ಚಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಅಡ್ಜಸ್ಟರ್ ತಿರುಗಿಸಿ ಸರಿಮಾಡಬಹುದು. ಆದರೆ ಸಡಿಲವೇ ಇಲ್ಲದಂತೆ ಬಿಗಿ ಮಾಡಿದರೆ ಪ್ಲೇಟ್‌ಗಳು ಜಾರಿ ಸುಟ್ಟುಹೋಗುತ್ತವೆ. ಕೇಬಲ್‌ನ ಎಳೆಗಳು ಬಿಚ್ಚಿಕೊಂಡಿದ್ದರೆ ಬದಲಿಸಿ, ದಾರಿಯಲ್ಲಿ ತುಂಡಾಗುವವರೆಗೆ ಕಾಯಬೇಡಿ.

2. ಬಹಳ ದಿನ ನಿಂತ ಬೈಕ್: ಕ್ಲಚ್ ಪ್ಲೇಟ್‌ಗಳು ಒಂದಕ್ಕೊಂದು ಅಂಟಿಕೊಂಡಿರಬಹುದು. ಚಳಿಯಲ್ಲಿ ಆಯಿಲ್ ಗಟ್ಟಿಯಾಗಿರುತ್ತದೆ. ಸ್ಟಾರ್ಟ್ ಮಾಡಿ ಕೆಲವು ನಿಮಿಷ ಬಿಸಿಯಾಗಲು ಬಿಟ್ಟು, ಕ್ಲಚ್ಚನ್ನು ನಾಲ್ಕೈದು ಸಲ ಹಿಡಿದು ಬಿಟ್ಟು ನೋಡಿ.

3. ಎಂಜಿನ್ ಆಯಿಲ್: ಇಂದಿನ ಬಹುತೇಕ ಬೈಕುಗಳಲ್ಲಿ ಎಂಜಿನ್, ಕ್ಲಚ್, ಗೇರ್ ಬಾಕ್ಸ್ ಮೂರಕ್ಕೂ ಒಂದೇ ಆಯಿಲ್. ಅದು ಹಳೆಯದಾಗಿದ್ದರೆ, ಮಟ್ಟ ಕಡಿಮೆಯಿದ್ದರೆ, ಇಲ್ಲವೇ ಹೇಳಿದ್ದಕ್ಕಿಂತ ದಪ್ಪ ಆಯಿಲ್ ಹಾಕಿದ್ದರೆ ಗೇರ್ ಗಟ್ಟಿಯಾಗುತ್ತದೆ.

4. ಗೇರ್ ಲಿವರ್: ಬೈಕ್ ಬಿದ್ದಿತ್ತೇ? ಬಾಗಿದ ಲಿವರ್ ಎಂಜಿನ್ ಕವರ್‌ಗೋ ಫುಟ್‌ರೆಸ್ಟ್‌ಗೋ ತಾಗುತ್ತಿರಬಹುದು. ಅದನ್ನು ಹಿಡಿದಿರುವ ಬೋಲ್ಟ್ ಸಡಿಲವಾದರೆ ಲಿವರ್ ಮಾತ್ರ ಆಡುತ್ತದೆ, ಒಳಗಿನ ಶಾಫ್ಟ್ ತಿರುಗುವುದಿಲ್ಲ.

5. ಚೈನ್ ಮತ್ತು ಸೈಡ್ ಸ್ಟ್ಯಾಂಡ್: ಚೈನ್ ಕಳಚಿದ್ದರೆ ಗೇರ್ ಬಿದ್ದರೂ ಬೈಕ್ ಕದಲದು. ಅನೇಕ ಹೊಸ ಬೈಕುಗಳಲ್ಲಿ ಸೈಡ್ ಸ್ಟ್ಯಾಂಡ್ ಇಳಿದಿರುವಾಗ ಗೇರ್ ಹಾಕಿದರೆ ಎಂಜಿನ್ ಆಫ್ ಆಗುತ್ತದೆ. ಇದು ಸುರಕ್ಷತೆಯ ವ್ಯವಸ್ಥೆ, ಕೆಟ್ಟಿರುವುದಲ್ಲ.

ಬೇರೆಯವರ ಬೈಕಾದರೆ ಗೇರ್ ಯಾವ ಕಡೆಗೆ ಎಂದು ಕೇಳಿಕೊಳ್ಳಿ. ಪಲ್ಸರ್‌ನಂಥ ಬೈಕಿನಲ್ಲಿ ಒಂದು ಕೆಳಗೆ, ಉಳಿದವು ಮೇಲೆ. ಹಳೆಯ ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ, ಅದೂ ಒಂದು ಮೇಲೆ, ಉಳಿದವು ಕೆಳಗೆ.

ಒದ್ದರೆ ಬೀಳುತ್ತದೆಯೇ?

ಒಮ್ಮೊಮ್ಮೆ ಬೀಳುತ್ತದೆ, ಅದಕ್ಕೇ ಈ ಸಲಹೆ ಇನ್ನೂ ಉಳಿದಿದೆ. ಆದರೆ ಒದೆತದ ಬಲವೆಲ್ಲ ಶಿಫ್ಟ್ ಫೋರ್ಕ್ ಮೇಲೆ ಬೀಳುತ್ತದೆ. ಫೋರ್ಕ್ ಬಾಗಬಹುದು, ಉಬ್ಬುಗಳ ಅಂಚು ಸವೆದು ದುಂಡಾಗಬಹುದು. ಆಮೇಲೆ ಓಡುವಾಗಲೇ ಗೇರ್ ತಾನಾಗಿ ಜಾರತೊಡಗುತ್ತದೆ. ಲಾರಿಯನ್ನು ಹಿಂದೆ ಹಾಕುತ್ತಿರುವಾಗ ಹಾಗಾದರೆ ಜೀವಕ್ಕೇ ಅಪಾಯ.

ಕಾರಿನ ಆಯಿಲ್ ಹಾಕಬಹುದೇ?

ಬೇಡ. ಬೈಕಿನ ಕ್ಲಚ್ ಪ್ಲೇಟ್‌ಗಳು ಆಯಿಲ್‌ನಲ್ಲೇ ಮುಳುಗಿರುತ್ತವೆ. ಕಾರಿನ ಅನೇಕ ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರುವುದರಿಂದ ಪ್ಲೇಟ್‌ಗಳು ಜಾರುತ್ತವೆ. ಎಂಜಿನ್ ಕೂಗುತ್ತದೆ, ಬೈಕ್ ಮಾತ್ರ ಎಳೆಯುವುದಿಲ್ಲ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂದಿರುವ, ನಿಮ್ಮ ಬೈಕಿನ ಪುಸ್ತಕ ಹೇಳುವ ಗ್ರೇಡ್‌ನ ಆಯಿಲನ್ನೇ ಹಾಕಿ. ಜಾಸೋ ಎಂಬಿ ಇರುವುದು ಒಣ ಕ್ಲಚ್‌ನ ಸ್ಕೂಟರ್‌ಗಳಿಗೆ.

ಮೆಕ್ಯಾನಿಕ್ ಬಳಿ ಯಾವಾಗ ಹೋಗಬೇಕು?

ತುಳಿದ ಲಿವರ್ ಮೇಲಕ್ಕೆ ವಾಪಸ್ ಬರದಿದ್ದರೆ ಒಳಗಿನ ಸ್ಪ್ರಿಂಗ್ ಮುರಿದಿರಬಹುದು. ಒಂದೇ ಗೇರ್ ಪದೇ ಪದೇ ಜಾರುತ್ತಿದ್ದರೆ, ಅಥವಾ ಹಳೆಯ ಆಯಿಲ್ ತೆಗೆದಾಗ ಲೋಹದ ಚೂರುಗಳು ಕಂಡರೆ ಎಂಜಿನ್ ಬಿಚ್ಚಲೇಬೇಕಾಗಬಹುದು. "ಎಂಜಿನ್ ಆಫ್ ಇದ್ದಾಗ ಗೇರ್ ಬೀಳುತ್ತೆ, ಚಾಲೂ ಇದ್ದಾಗ ಬೀಳಲ್ಲ" ಎಂದು ನೀವು ನೋಡಿದ್ದನ್ನು ಹೇಳಿ. ಕೇಬಲ್ ನೋಡದೆ ನೇರವಾಗಿ ಎಂಜಿನ್ ಬಿಚ್ಚಲು ಹೊರಟರೆ ಕಾರಣ ಕೇಳಿ.

ಒಂದು ಎಚ್ಚರಿಕೆ

ಎಂಜಿನ್ ಚಾಲೂ ಇಟ್ಟು, ಗೇರ್ ಹಾಕಿ, ತಿರುಗುವ ಚೈನ್‌ಗೆ ಬಟ್ಟೆ ಹಿಡಿದು ಒರೆಸುವ ವಿಡಿಯೊಗಳನ್ನು ಅನುಸರಿಸಬೇಡಿ. ಬಟ್ಟೆ ಸಿಕ್ಕಿಕೊಂಡರೆ ಚೈನ್ ಮತ್ತು ಸ್ಪ್ರಾಕೆಟ್ ನಡುವೆ ಬೆರಳು ತುಂಡಾಗಲು ಕ್ಷಣ ಸಾಕು. ಚಕ್ರವನ್ನು ಕೈಯಿಂದಲೇ ತಿರುಗಿಸಿ, ಬೆರಳು ಚೈನ್‌ನಿಂದ ದೂರವಿರಲಿ.

ಒಟ್ಟಿನಲ್ಲಿ: ಗೇರ್ ಬೀಳದಿದ್ದರೆ ಮೊದಲು ಬೈಕ್ ಆಡಿಸಿ, ಆಮೇಲೆ ಎಂಜಿನ್ ಆಫ್ ಮಾಡಿ ಪರೀಕ್ಷಿಸಿ, ನಂತರ ಕೇಬಲ್, ಆಯಿಲ್, ಲಿವರ್ ನೋಡಿ. ಎಂಜಿನ್ ಬಿಚ್ಚುವುದು ಕೊನೆಯ ಮಾತು. "ಒದ್ದು ನೋಡಿ" ಎಂಬ ಸಲಹೆ ನಿಮ್ಮ ಗುಂಪಿಗೆ ಬಂದರೆ ಇದನ್ನು ಅಲ್ಲಿಗೆ ಕಳಿಸಿ.