ಅಕ್ಷರಕ್ಕೂ ಮುಂಚಿನ ಪಾಠ

ಒಂದನೇ ತರಗತಿಗೆ ಸೇರುವ ಮಗುವಿಗೆ ಅಕ್ಷರ ಬರುತ್ತದೆಯೇ, ನೂರರವರೆಗೆ ಎಣಿಸುತ್ತದೆಯೇ ಎಂದು ಕೇಳುವುದು ರೂಢಿ. ಮೊದಲ ವಾರಗಳಲ್ಲಿ ಕೆಲಸಕ್ಕೆ ಬರುವುದು ಮಾತ್ರ ಬೇರೆಯೇ: ಅಮ್ಮನ ಸೆರಗು ಬಿಟ್ಟು ಅರ್ಧ ದಿನ ಇರುವುದು, ನಲ್ಲಿಯ ಮುಂದೆ ಸರದಿ ಕಾಯುವುದು, ಪಕ್ಕದವರ ಬಳಪ ಕಸಿಯದೆ ಕೇಳಿ ಪಡೆಯುವುದು, ‘ಮಿಸ್, ಒಂದಕ್ಕೆ’ ಎಂದು ಹೇಳಲು ಹಿಂಜರಿಯದಿರುವುದು.

ಇವುಗಳ ಬೇರು ಇರುವುದು ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್ ಎಂಬ ಮಿದುಳಿನ ಭಾಗದಲ್ಲಿ. ಹೇಳಿದ್ದನ್ನು ನೆನಪಿಟ್ಟುಕೊಳ್ಳುವುದು, ಥಟ್ಟನೆ ಏಳುವ ತುಡಿತ ತಡೆಯುವುದು, ನಿಯಮ ಬದಲಾದರೆ ತಾನೂ ಬದಲಾಗುವುದು ಅದರ ಉಸ್ತುವಾರಿ. ಅದು ಪೂರ್ತಿ ಮಾಗಲು ಇಪ್ಪತ್ತು ವರ್ಷ ದಾಟಬೇಕು. ಮೂರರಿಂದ ಏಳರವರೆಗೆ ಈ ಸಾಮರ್ಥ್ಯಗಳು ಭರದಿಂದ ಬೆಳೆಯುತ್ತವೆ.

ಮನೋವಿಜ್ಞಾನಿಗಳದ್ದೊಂದು ಸರಳ ಪರೀಕ್ಷೆಯಿದೆ. ಸೂರ್ಯನ ಚಿತ್ರಕ್ಕೆ ‘ರಾತ್ರಿ’, ಚಂದ್ರನ ಚಿತ್ರಕ್ಕೆ ‘ಹಗಲು’ ಎನ್ನಬೇಕು. ಮೂರೂವರೆ ವರ್ಷದ ಮಗುವಿಗೆ ನಿಯಮ ಅರ್ಥವಾಗಿರುತ್ತದೆ. ಆದರೂ ಸೂರ್ಯ ಕಂಡೊಡನೆ ಬಾಯಿಗೆ ‘ಹಗಲು’ ಬಂದುಬಿಡುತ್ತದೆ. ಆರೇಳು ವರ್ಷದವರು ಅಷ್ಟು ಎಡವುವುದಿಲ್ಲ. ಹಟ ಎಂದು ಹಿರಿಯರು ಗದರುವ ಎಷ್ಟೋ ವರ್ತನೆ ಹೀಗೆ ಬಲಿಯದ ಮಿದುಳಿನದು.

ಇದಕ್ಕೆ ಮದ್ದು ಬೈಗುಳವಲ್ಲ, ಆಟ. ಕೆರೆ–ದಡವನ್ನೇ ನೋಡಬಹುದು. ‘ಕೆರೆ’ ಎಂದರೆ ಗೆರೆಯೊಳಗೆ, ‘ದಡ’ ಎಂದರೆ ಹೊರಗೆ ಜಿಗಿಯಬೇಕು. ಕೆರೆ, ದಡ, ಕೆರೆ, ದಡ ಎಂಬ ಲಯಕ್ಕೆ ಕಾಲು ಒಗ್ಗಿದ ಹೊತ್ತಿಗೆ ಆಡಿಸುವವರು ‘ದಡ, ದಡ’ ಎಂದುಬಿಡುತ್ತಾರೆ. ಎದ್ದ ಕಾಲನ್ನು ತಡೆಯುವುದರಲ್ಲೇ ಆಟದ ಗುಟ್ಟಿದೆ. ಔಟಾದ ಮಗು ಅಳು ನುಂಗಿ ಬದಿಗೆ ನಿಲ್ಲುವುದನ್ನೂ ಕಲಿಯುತ್ತದೆ. ಅದೂ ಸಣ್ಣ ಪಾಠವೇನಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಂದನೇ ತರಗತಿಗೆ 6 ವರ್ಷವನ್ನು ಸೂಚಿಸಿ, ಅದಕ್ಕೆ ಮುನ್ನ 3 ವರ್ಷದ ಆಟ ಆಧಾರಿತ ಕಲಿಕೆಗೆ ಜಾಗ ಕೊಟ್ಟಿದೆ. ವಯಸ್ಸಿನ ಮಾತು ನೆಪವಲ್ಲ. ಒಂದೇ ತರಗತಿಯ ಹಿರಿಯ–ಕಿರಿಯ ಮಕ್ಕಳ ನಡುವೆ ಹೆಚ್ಚುಕಡಿಮೆ ವರ್ಷದ ಅಂತರವಿರುತ್ತದೆ, ಅಂದರೆ ಬಾಳಿದ ಬದುಕಿನ ಆರನೇ ಒಂದು ಭಾಗ. ತರಗತಿಯ ಅತಿ ಕಿರಿಯರಿಗೆ ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಎಂಬ ಹಣೆಪಟ್ಟಿ ಹೆಚ್ಚಾಗಿ ಬೀಳುವುದನ್ನು ಹಲವು ದೇಶಗಳ ಅಧ್ಯಯನಗಳು ಗುರುತಿಸಿವೆ.

ಮೊದಲ ವಾರದ ಅಳು ಸಹಜ. ತಿಂಗಳು ಕಳೆದರೂ ಮಗು ಯಾರೊಡನೆಯೂ ಮಾತಾಡದೆ, ಆಟಕ್ಕೂ ಸೇರದೆ ಉಳಿದರೆ ಮಾತ್ರ ಮಕ್ಕಳ ವೈದ್ಯರಿಗೆ ತೋರಿಸುವುದು ಒಳ್ಳೆಯದು.